ಬಂದರು ಕಟ್ಟೋರು ಮೊದಲು ಪಂಚಾಂಗ ಬರೀಬೇಕು

ಮೇಜಿನ ಸುತ್ತ ಕೂತು, ದಾಳ ಉರುಳಿಸಿ ಕಥೆ ಕಟ್ಟೋ ರೋಲ್-ಪ್ಲೇಯಿಂಗ್ ಆಟದಲ್ಲಿ ಫ್ಯಾಂಟಸಿ ಬಂದರು ಊರು ಅಂದ ಕೂಡಲೇ ನಮ್ಮ ಗೇಮ್ ಮಾಸ್ಟರ್‌ಗಳು, ಅಂದರೆ ಆಟ ನಡೆಸೋರು, ಬರೆಯೋದು ಒಂದೇ ಚಿತ್ರ. ಮಂಜು ಮುಸುಕಿದ ಧಕ್ಕೆ, ಮೂಲೇಲಿ ಹೆಂಡದಂಗಡಿ, ಅದರ ನೆಲಮಾಳಿಗೇಲಿ ಕಳ್ಳರ ಸಂಘ, ಗುಡ್ಡದ ಮೇಲೆ ದೊರೆಯ ಕೋಟೆ. ಹನ್ನೆರಡು ತಿಂಗಳೂ ಹಡಗು ಬರ್ತಾವೆ, ಹೋಗ್ತಾವೆ. ಇದು ಯಾವುದೋ ಚಳಿ ದೇಶದ ಊರು. ಕಾರವಾರ, ಕುಮಟೆ, ಹೊನ್ನಾವರದಲ್ಲಿ ಕೂತು ದಾಳ ಉರುಳಿಸೋ ನಾವೂ ಅದನ್ನೇ ನಕಲು ಮಾಡ್ತೀವಲ್ಲ, ಅದು ನನಗೆ ಅರ್ಥ ಆಗೋದಿಲ್ಲ. ನಮ್ಮ ಕಡಲು ವರ್ಷಕ್ಕೊಮ್ಮೆ ಬಾಗಿಲು ಹಾಕಿಕೊಳ್ಳುತ್ತೆ. ಇವತ್ತಿಗೂ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಹಾಯಿಯ ಕಾಲದಲ್ಲಂತೂ ಮಳೆ ಹಿಡಿದ ಮೇಲೆ ಈ ಕರಾವಳಿಯಲ್ಲಿ ವ್ಯಾಪಾರವೇ ನಿಂತುಹೋಗ್ತಿತ್ತು. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟ ಮೇಲೇ ದೋಣಿ ಇಳಿಸೋದು.

ಅದಕ್ಕೇ ಹೇಳೋದು, ಬಂದರು ಕಟ್ಟೋರು ಮೊದಲು ಪಂಚಾಂಗ ಬರೀಬೇಕು. ನಕ್ಷೆ ತಡವಾದರೂ ನಡೆಯುತ್ತೆ.

ಒಂದು ಹಾಳೆ ತಗೊಳ್ಳಿ, ಹನ್ನೆರಡು ಮನೆ ಎಳೆಯಿರಿ, ಅಡ್ಡಕ್ಕೆ ಮೂರು ಸಾಲು: ಕಡಲು, ಘಟ್ಟ, ದುಡ್ಡು. ಕಡಲಿನ ಸಾಲಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕಾಟು ಹಾಕಿ. ನೈಋತ್ಯ ಗಾಳಿಯ ಬಾಲ ಹಿಡಿದು ಪಶ್ಚಿಮದ ಹಡಗು ಬರೋದು ಸೆಪ್ಟೆಂಬರ್ ಹೊತ್ತಿಗೆ, ಈಶಾನ್ಯ ಗಾಳಿ ಹಿಡಿದು ಅವು ವಾಪಸ್ ಹೊರಡೋಕೆ ಶುರು ಮಾಡೋದು ಚಳಿಗಾಲದಲ್ಲಿ. ಘಟ್ಟದ ಸಾಲಲ್ಲಿ ಬೆಳೆ ಬರೆಯಿರಿ. ಶಿರಸಿ, ಸಿದ್ದಾಪುರದ ಕಡೆ ಕಾಳುಮೆಣಸಿನ ಕೊಯ್ಲು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಕೊಯ್ದ ಮೇಲೆ ಬಿಸಿಲಲ್ಲಿ ಒಣಗಬೇಕು, ಮೂರು ಕಿಲೋ ಹಸಿ ಮೆಣಸು ಒಣಗಿ ಸುಮಾರು ಒಂದು ಕಿಲೋ ಆಗುತ್ತೆ. ಅಂದರೆ ಮಾಲು ಸರಿಯಾಗಿ ಧಕ್ಕೆ ಮುಟ್ಟೋದು ಫೆಬ್ರವರಿ ಕೊನೆಯಿಂದ. ದುಡ್ಡಿನ ಸಾಲು ಇದಕ್ಕೆ ಉಲ್ಟಾ: ತೋಟದವರಿಗೆ ಕೈ ಖಾಲಿ ಇರೋದು ಮಳೆಗಾಲದಲ್ಲಿ, ಆಗ ಮಂಡಿ ಸಾಹುಕಾರ ಮುಂಗಡ ಕೊಡ್ತಾನೆ, ಫೆಬ್ರವರಿಯಲ್ಲಿ ಲೆಕ್ಕ ಚುಕ್ತಾ ಕೇಳ್ತಾನೆ.

ಈಗ ಮೂರು ಸಾಲನ್ನೂ ಒಟ್ಟಿಗೆ ನೋಡಿ. ಫೆಬ್ರವರಿ ಕೊನೆಯಿಂದ ಮೇ ಕೊನೆ, ಮೂರೇ ತಿಂಗಳು. ಇಡೀ ಊರಿನ ವರ್ಷದ ಗಳಿಕೆ ಆ ಕಿಂಡಿಯಲ್ಲಿ ತೂರಬೇಕು. ತಪ್ಪಿದರೆ ಮೆಣಸು ಮಳೆಗಾಲ ಪೂರ್ತಿ ಉಗ್ರಾಣದಲ್ಲಿ, ತೇವಕ್ಕೆ ಬೂಸ್ಟು ಹಿಡಿಯುತ್ತೆ, ಅರ್ಧ ಬೆಲೆಗೂ ಗಿರಾಕಿ ಇಲ್ಲ. ನಿಮ್ಮ ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡೋ ಉದ್ದ ಕಥೆ, ಈ ಮೂರು ತಿಂಗಳಲ್ಲಿ ನಡೀಲಿ. ರಾಕ್ಷಸ ಬರಲಿ, ಶಾಪ ಬರಲಿ, ಎಲ್ಲದಕ್ಕೂ ಗಡುವು ತಾನಾಗೇ ಬೀಳುತ್ತೆ.

ಗಡುವು ಯಾವತ್ತು ಅನ್ನೋದು ಗೇಮ್ ಮಾಸ್ಟರ್ ಮನಸ್ಸಲ್ಲಿ ಇರಬಾರದು. ಮೇ 20ರಿಂದ ದಿನಕ್ಕೊಂದು ಸಲ ಡಿ20, ಅಂದರೆ ಇಪ್ಪತ್ತು ಮುಖದ ದಾಳ, ಎಲ್ಲರೆದುರು ಉರುಳಿಸಿ. ಮೊದಲ ಮೂರು ದಿನ 1 ಬಿದ್ದರೆ ಕಡಲು ಮುಚ್ಚಿತು. ಮುಂದಿನ ಮೂರು ದಿನ 1 ಅಥವಾ 2, ಆಮೇಲೆ 1ರಿಂದ 3, ಹೀಗೆ ಮೂರು ದಿನಕ್ಕೊಮ್ಮೆ ಒಂದೊಂದು ಅಂಕಿ ಹೆಚ್ಚಿಸ್ತಾ ಹೋಗಿ. ಲೆಕ್ಕ ಹಾಕಿದರೆ ಅರ್ಧಕ್ಕಿಂತ ಹೆಚ್ಚು ಸಲ ಎಂಟನೇ ದಿನದೊಳಗೆ ಮುಚ್ಚಿರುತ್ತೆ. ಮರೆಯಲ್ಲಿ ಉರುಳಿಸಿದರೆ ಪ್ಲೇಯರ್‌ಗಳು ನಂಬೋದಿಲ್ಲ, ತಮಗೆ ಬೇಕಂತಲೇ ಕಡಲು ಮುಚ್ಚಿದರು ಅಂತ ಗೊಣಗ್ತಾರೆ.

ಈಗ ಎತ್ತು. ಹೌದು, ಬೆನ್ನ ಮೇಲೆ ಮಾಲು ಹೊರೋ ಹೇರೆತ್ತು. ಫ್ಯಾಂಟಸಿ ಊರುಗಳಲ್ಲಿ ಮಾಲು ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳೋದಿಲ್ಲ, ಹಾಗಾಗಿ ಊರು ಗಾಳಿಯಲ್ಲಿ ತೇಲುತ್ತೆ. ಒಂದು ಹೇರೆತ್ತಿಗೆ ನೂರು ಕಿಲೋ ಅಂತ ಇಟ್ಕೊಳ್ಳಿ. ದಿನಕ್ಕೆ 15 ಕಿ.ಮೀ., ಘಟ್ಟ ಇಳಿಯೋ ದಿನ ಅದರ ಅರ್ಧ. ಶಿರಸಿಯಿಂದ ದೇವಿಮನೆ ಘಟ್ಟದ ದಾರಿಯಲ್ಲಿ ಕುಮಟೆಗೆ ಸುಮಾರು 60 ಕಿ.ಮೀ., ಅಂದರೆ ಐದು ದಿನ. 60 ಟನ್ ಹೊರುವ ಒಂದು ಪತ್ತೆಮಾರಿ (ಹಾಯಿ ಹಡಗು) ತುಂಬೋಕೆ 600 ಎತ್ತು ಬೇಕು. ಆರುನೂರು ಎತ್ತಿಗೆ ಮೇವು, ನೀರು, ರಾತ್ರಿ ತಂಗೋ ಬಯಲು, ಕಳ್ಳಕಾಕರಿಂದ ಕಾವಲು: ಇಷ್ಟರಲ್ಲೇ ನಾಲ್ಕು ಸೆಷನ್‌ಗೆ, ಅಂದರೆ ನಾಲ್ಕು ಸಲ ಕೂತು ಆಡೋಕೆ, ಕೆಲಸ ಹುಟ್ಟಿತು. ಎತ್ತು ಖಾಲಿ ಹತ್ತೋದೂ ಇಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ಇದೆಯಲ್ಲ, ಅಂಥದ್ದೊಂದನ್ನು ನಿಮ್ಮ ಊರಿನ ಪಕ್ಕದಲ್ಲೂ ಇಡಿ. ಇಳಿಯುವಾಗ ಮೆಣಸು, ಹತ್ತುವಾಗ ಉಪ್ಪು, ಒಣಮೀನು.

ಬೆಲೆ ವಿಷಯದಲ್ಲಿ ಒಂದು ಹೊಂಡ ಇದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯ ಬೆಲೆಪಟ್ಟಿಯಲ್ಲಿ ಒಂದು ಪೌಂಡ್ ಮೆಣಸಿಗೆ 2 ಚಿನ್ನದ ನಾಣ್ಯ, ಒಂದು ಪೌಂಡ್ ಉಪ್ಪಿಗೆ 5 ತಾಮ್ರದ ನಾಣ್ಯ. ನೂರು ಕಿಲೋ ಅಂದರೆ 220 ಪೌಂಡ್, ಅಂದರೆ ಒಂದು ಹೇರು ಮೆಣಸಿಗೆ 440 ಚಿನ್ನ. ಅದೇ ತೂಕದ ಉಪ್ಪಿಗೆ 11. ಅದೇ ಪುಸ್ತಕದಲ್ಲಿ ಯುದ್ಧದ ಕುದುರೆಗೆ 400! ಭಟ್ಕಳದಲ್ಲಿ ಇಳಿದ ಅರಬ್ ಕುದುರೆಗಳು ವಿಜಯನಗರಕ್ಕೆ ಹೋಗ್ತಿದ್ದ ಕಾಲ ನೆನಪಿದ್ದವರಿಗೆ ಈ ಲೆಕ್ಕ ಖುಷಿ ಕೊಡುತ್ತೆ: ಒಂದು ಎತ್ತಿನ ಹೇರು ಕೊಟ್ಟರೆ ಒಂದು ಕುದುರೆ. ಆದರೆ ಒಂದನೇ ಲೆವೆಲ್‌ನ ಪಾರ್ಟಿ (ಪ್ಲೇಯರ್‌ಗಳ ಹೊಸ ಪಾತ್ರಗಳ ತಂಡ) ಒಂದೇ ಎತ್ತನ್ನು ಹಾರಿಸಿಕೊಂಡು ಹೋದರೆ ನಿಮ್ಮ ಆಟದ ಹಣಕಾಸು ಅಲ್ಲಿಗೆ ಮುಗೀತು. ಹಾಗಾಗಿ ಪಟ್ಟಿಯ ಬೆಲೆಯನ್ನು ಕಡಲಾಚೆಯ ಪೇಟೆಯ ಬೆಲೆ ಅಂತ ಮಾಡಿ. ಧಕ್ಕೆಯಲ್ಲಿ ಅದರ ನಾಲ್ಕನೇ ಒಂದು ಪಾಲು, 110. ಘಟ್ಟದ ಮೇಲೆ ಎಂಟನೇ ಒಂದು ಪಾಲು, 55. ಜೊತೆಗೆ ಪ್ರತಿ ಚೀಲಕ್ಕೂ ಮಂಡಿಯ ಮುದ್ರೆ. ಕದ್ದ ಮಾಲನ್ನು ಮುದ್ರೆ ಸಮೇತ ಯಾರೂ ಮುಟ್ಟೋದಿಲ್ಲ, ಮುದ್ರೆ ಬದಲಿಸಿಕೊಡೋನು ಊರಲ್ಲಿ ಒಬ್ಬನೇ. ಕಳ್ಳರ ಸಂಘಕ್ಕಿಂತ ಆ ಒಬ್ಬನ ಕೂಡೆ ಆಟ ಆಡೋದು ಎಷ್ಟೋ ಸ್ವಾರಸ್ಯ.

ಊರು ಎಲ್ಲಿರಬೇಕು? ಕಡಲ ದಂಡೆ ಮೇಲೆ ಅಂತ ತಟ್ಟನೆ ಹೇಳಬೇಡಿ. ಗೇರುಸೊಪ್ಪೆ ನೋಡಿ. ಹೊನ್ನಾವರದಿಂದ ಸುಮಾರು 30 ಕಿ.ಮೀ. ಒಳಗೆ, ಶರಾವತಿಯ ದಂಡೆ. ದೋಣಿಯ ದಾರಿ ಮುಗಿದು ಘಟ್ಟದ ದಾರಿ ಶುರುವಾಗೋ ಜಾಗ. 16ನೇ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ್ದು ಅಲ್ಲಿಂದ, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತ ಕರೆದಿದ್ದು ಸುಮ್ಮನೆ ಅಲ್ಲ. ಎತ್ತಿನಿಂದ ದೋಣಿಗೆ ಮಾಲು ಬದಲಾಗೋ ಕಡೆ ಕೂತವರಿಗೆ ಎರಡೂ ಕಡೆಯ ಜುಟ್ಟು ಸಿಗುತ್ತೆ. ಹಾಗಾಗಿ ನಿಮ್ಮ ಬಂದರನ್ನು ಎರಡು ಊರು ಮಾಡಿ: ಅಳಿವೆಯಲ್ಲಿ ಕಡಲೂರು, ದೋಣಿಯ ದಾರಿ ಮುಗಿಯೋ ಕಡೆ ಘಟ್ಟದೂರು. ಒಬ್ಬರಿಲ್ಲದೆ ಒಬ್ಬರಿಗೆ ನಡೆಯೋದಿಲ್ಲ, ಒಬ್ಬರನ್ನೊಬ್ಬರು ನಂಬೋದೂ ಇಲ್ಲ.

ಅಳಿವೆ ಅಂದೆನಲ್ಲ, ಅಲ್ಲಿ ಮರಳದಿಣ್ಣೆ ಇಡೋದು ಮರೀಬೇಡಿ. ನದಿ ತಂದ ಮರಳು, ಅಲೆ ದೂಡಿದ ಮರಳು, ಎರಡೂ ಸೇರಿ ಬಾಯಿಗೆ ಅಡ್ಡ ಕೂರುತ್ತೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ದಿಣ್ಣೆಯ ಮೇಲೆ 3.2 ಮೀಟರ್ ನೀರು, ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದಲ್ಲಿ 2.5 ಅಂತ ಇಡಿ. ಖಾಲಿ ಹಡಗಿಗೆ ಒಂದೂವರೆ ಮೀಟರ್ ಸಾಕು, ತುಂಬಿದ ಹಡಗಿಗೆ 2.8 ಬೇಕು. ಅಷ್ಟೇ, ಒಂದು ಯಂತ್ರ ಸಿದ್ಧ: ಒಳಗೆ ಬರೋದು ಸುಲಭ, ತುಂಬಿಕೊಂಡು ಹೊರಗೆ ಹೋಗೋಕೆ ಹದಿನೈದು ದಿನದಲ್ಲಿ ಏಳೆಂಟು ದಿನ ಮಾತ್ರ ಅವಕಾಶ. ಉಬ್ಬರದಿಂದ ಉಬ್ಬರಕ್ಕೆ 12 ಗಂಟೆ 25 ನಿಮಿಷ, ದಿನಾ ಸುಮಾರು 50 ನಿಮಿಷ ತಡ. ಇದನ್ನೆಲ್ಲ ಮೇಜಿನ ಮೇಲೆ ಹರಡಿ ಪಾಠ ಮಾಡಬೇಡಿ, ಮಾರಾಯ್ರೆ. ಒಂದು ಚೀಟಿಯಲ್ಲಿ ಇವತ್ತಿನ ತಿಥಿ, ಇವತ್ತಿನ ಉಬ್ಬರದ ಹೊತ್ತು, ಎರಡೇ ಸಾಲು ಸಾಕು.

ಪಾರ್ಟಿ ಸರಿಯಾಗಿ ಅಷ್ಟಮಿಯ ದಿನ ಹಡಗು ತುಂಬಿಸಿಕೊಂಡು ನಿಂತರೆ? "ಮೂರ್ನಾಲ್ಕು ದಿನ ಕಾಯಿರಿ" ಅಂದು ಸುಮ್ಮನಾಗೋ ಗೇಮ್ ಮಾಸ್ಟರ್‌ಗೆ ಸೆಷನ್ ಅಲ್ಲೇ ಸತ್ತಿತು. ಮೂರನೇ ಒಂದು ಪಾಲು ಮಾಲನ್ನು ಸಣ್ಣ ದೋಣಿಗಳಲ್ಲಿ ದಿಣ್ಣೆ ದಾಟಿಸಿ ಹೊರಗೆ ಮತ್ತೆ ಹೇರಿಕೊಳ್ಳಬಹುದು, ಆದರೆ ಬಾಡಿಗೆ ದುಬಾರಿ, ಬಯಲಲ್ಲಿ ದರೋಡೆಯ ಭಯ. ಅಥವಾ ಅಳಿವೆಯ ನೀರಿನ ದಾರಿ ಬಲ್ಲ ತಾಂಡೇಲನ (ದೋಣಿ ನಡೆಸೋನ) ಕೈಕಾಲು ಹಿಡಿಯಬಹುದು. ಅವನ ಮಾವ ಸುಂಕದ ಕಟ್ಟೆಯಲ್ಲಿ ಇದ್ದರಂತೂ ಕಥೆ ತಾನಾಗೇ ನಡೆಯುತ್ತೆ.

ಎಲ್ಲಾ ಬಂದರಿಗೂ ದಿಣ್ಣೆ ಇಡಬೇಕಿಲ್ಲ. ಕಾರವಾರದ ಕೊಲ್ಲಿಗೆ ಗುಡ್ಡ, ದ್ವೀಪಗಳ ಆಸರೆ ಇದೆ, ನೀರೂ ಆಳ. 1638ರಲ್ಲೇ ಇಂಗ್ಲಿಷ್ ವ್ಯಾಪಾರಿಗಳು ಅಲ್ಲಿ ಕೋಠಿ (ವ್ಯಾಪಾರದ ಮಳಿಗೆ) ಹಾಕಿದ್ದರು, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಧಾರವಾಡದ ಹತ್ತಿಯನ್ನು ಕಾರವಾರದಿಂದ ಸಾಗಿಸೋ ಆಸೆ ಇತ್ತು. 1880ರ ದಶಕದಲ್ಲಿ ರೈಲು ಮರ್ಮಗೋವಾಕ್ಕೆ ಹೋಯ್ತು, ಮಾಲೂ ಅದರ ಹಿಂದೆ ಹೋಯ್ತು. ನಿಮ್ಮ ಊರಿಗೂ ಇಂಥ ಒಂದು ಪ್ರತಿಸ್ಪರ್ಧಿ ಬಂದರು ಬೇಕು, ದಿಣ್ಣೆ ಇಲ್ಲದ್ದು, ಆದರೆ ಇನ್ನೂ ಘಟ್ಟದ ದಾರಿ ಇಲ್ಲದ್ದು. ಆ ದಾರಿ ಕಡಿಯೋಕೆ ದುಡ್ಡು ಹಾಕಿದವರು ಯಾರು ಅನ್ನೋದು ಕ್ಯಾಂಪೇನ್‌ನ ದೊಡ್ಡ ಗುಟ್ಟಾಗಬಹುದು.

ಕಡಲ ಮೇಲೆ ಶತ್ರು ಬೇಕಾದರೆ ಕಡಲ್ಗಳ್ಳರಿಗಿಂತ ಚೀಟಿ ಬರೆಯೋನು ವಾಸಿ. ಪೋರ್ಚುಗೀಸರು ಈ ಕಡಲಲ್ಲಿ ಕಾರ್ತಾಸ್ ಅನ್ನೋ ರಹದಾರಿ ಚೀಟಿ ನಡೆಸಿದ್ದರು. ಅದಿಲ್ಲದ ಹಡಗು ಸಿಕ್ಕಿದರೆ ಮುಟ್ಟುಗೋಲು. ಡೆಕ್ ಮೇಲೆ ಕತ್ತಿ ಹಿಡಿದವನನ್ನು ಪಾರ್ಟಿ ಎರಡು ಸುತ್ತಲ್ಲಿ ಮುಗಿಸುತ್ತೆ. ಚೀಟಿಯಲ್ಲಿ ಇರೋ ಸರಕಿಗೂ ಹಡಗಿನಲ್ಲಿರೋ ಸರಕಿಗೂ ತಾಳೆ ನೋಡೋ ಗುಮಾಸ್ತನ ಮುಂದೆ ಬೆವರುತ್ತೆ.

ಭಾಷೆ ಬಗ್ಗೆ ಒಂದು ಮಾತು. ಎಲ್ಲರಿಗೂ ಬರೋ 'ಕಾಮನ್' ಭಾಷೆಯನ್ನು ಬಂದರಿನಲ್ಲಾದರೂ ತೆಗೆದುಹಾಕಿ. ಕಾರವಾರದ ಕೊಂಕಣಿ, ಅಂಕೋಲೆಯ ಹಾಲಕ್ಕಿ ಕನ್ನಡ, ಭಟ್ಕಳದ ನವಾಯತಿ, ಘಟ್ಟದ ಮೇಲಿನ ಹವಿಗನ್ನಡ: ಒಂದೇ ಜಿಲ್ಲೆಯಲ್ಲಿ ಇಷ್ಟು ಕೇಳಿ ಬೆಳೆದವರಿಗೆ ಇದು ಕಷ್ಟ ಅಲ್ಲ. ಧಕ್ಕೆಯಲ್ಲಿ ಚೌಕಾಸಿಗೆ ಒಂದು ಭಾಷೆ, ಮಂಡಿಯ ಲೆಕ್ಕಕ್ಕೆ ಇನ್ನೊಂದು ಇರಲಿ. ಆದರೆ ಈ ಸಮುದಾಯಗಳನ್ನು ತಂದು ಇವರು ಎಲ್ಫ್, ಇವರು ಓರ್ಕ್ ಅಂತ ಫ್ಯಾಂಟಸಿ ಜನಾಂಗಗಳ ಹೆಸರು ಹಚ್ಚೋ ಚಟ ಬೇಡವೇ ಬೇಡ. ಅದು ಸೋಮಾರಿತನ, ಮೇಜಿನ ಸುತ್ತ ಕೂತ ಯಾರಿಗೋ ನೋವೂ ಆಗುತ್ತೆ.

ಮೊದಲ ಸೆಷನ್ ಏಪ್ರಿಲ್ ಕೊನೆಯಲ್ಲಿ, ಘಟ್ಟದ ಅರ್ಧದಲ್ಲಿ ಶುರು ಮಾಡಿ. ನಲವತ್ತು ಹೇರೆತ್ತು, ಪಾರ್ಟಿ ಕಾವಲಿಗೆ. ಮಾಲು ಯಾರದ್ದು, ಮುಂಗಡ ಯಾರದ್ದು, ಹಡಗು ಯಾರದ್ದು, ಈ ಮೂರು ಹೆಸರು ಮಾತ್ರ ಗಟ್ಟಿಯಾಗಿ ಬರೆದಿಟ್ಟುಕೊಳ್ಳಿ, ಮತ್ತೆ ಮೂವರಿಗೂ ಪರಸ್ಪರ ಸಾಲ ಎಷ್ಟು ಅನ್ನೋದು. ಮುಂಗಾರಿಗೆ ಮುಂಚಿನ ಒಂದು ಅಡ್ಡಮಳೆ ಸುರಿಸಿ, ನಲವತ್ತು ಹೇರಲ್ಲಿ ಎಷ್ಟು ಒದ್ದೆ ಆಯ್ತು ಅಂತ 4 ಡಿ6, ಅಂದರೆ ಆರು ಮುಖದ ನಾಲ್ಕು ದಾಳ, ಉರುಳಿಸಿ ಕೂಡಿ. ಒದ್ದೆ ಚೀಲ ಬಿಚ್ಚಿ ಒಣಗಿಸಿದರೆ ಎರಡು ದಿನ ಹೋಯ್ತು, ಹುಣ್ಣಿಮೆಯ ಉಬ್ಬರ ತಪ್ಪಬಹುದು. ಒಣಗಿಸದೆ ನಡೆದರೆ ಮಂಡಿಯಲ್ಲಿ ಚೀಲದೊಳಗೆ ಕೈ ಹಾಕಿ ನೋಡೋನು ಕೂತಿದಾನೆ. ಏನು ಮಾಡ್ತೀರಿ ಅಂತ ಪ್ಲೇಯರ್‌ಗಳನ್ನು ಕೇಳಿ, ಆಮೇಲೆ ಸ್ವಲ್ಪ ಹೊತ್ತು ನೀವು ಬಾಯಿ ಬಿಡಬೇಡಿ.