ದೇಶ ಬಿಟ್ಟ ಬಾರ್ಟೋಕ್, ಹೆಂಡತಿಗಾಗಿ ಬರೆದ ಕನ್ಸರ್ಟೊ

[ತೆರೆಯ ಮೇಲೆ: ಬುಡಾಪೆಸ್ಟ್, ಅಕ್ಟೋಬರ್ 1940]

ನಮಸ್ಕಾರ. ಹಂಗೇರಿಯ ಬೇಲಾ ಬಾರ್ಟೋಕ್ ಹಳ್ಳಿ ಹಳ್ಳಿ ಸುತ್ತಿ ಸಾವಿರಾರು ಜನಪದ ಹಾಡು ಸಂಗ್ರಹಿಸಿದ ಸಂಗೀತಗಾರ. ಅವರು ಯಹೂದಿ ಅಲ್ಲ. ಅವರನ್ನು ಯಾರೂ ಓಡಿಸಲೂ ಇಲ್ಲ. ಆದರೆ ನಾಜಿಗಳ ನೆರಳಲ್ಲಿ ಬಾಳುವುದು ಅವರಿಗೆ ಬೇಡವಾಗಿತ್ತು. ತಾಯಿ ಇರುವವರೆಗೂ ಊರು ಬಿಡಲು ಮನಸ್ಸು ಬರಲಿಲ್ಲ. 1939ರ ಡಿಸೆಂಬರ್‌ನಲ್ಲಿ ತಾಯಿ ತೀರಿಕೊಂಡರು. ಮರುವರ್ಷ ಹೆಂಡತಿ ಡಿಟ್ಟಾ ಜೊತೆ ಅಮೆರಿಕಕ್ಕೆ ಹೊರಟರು. ಇಬ್ಬರು ಗಂಡುಮಕ್ಕಳು ಹಂಗೇರಿಯಲ್ಲೇ ಉಳಿದರು.

[ತೆರೆಯ ಮೇಲೆ: ನ್ಯೂಯಾರ್ಕ್]

ಸಾಮಾನು ದಾರಿಯಲ್ಲೇ ಸಿಕ್ಕಿಹಾಕಿಕೊಂಡು ತಿಂಗಳುಗಟ್ಟಲೆ ಬರಲಿಲ್ಲ. ಆ ಡಿಸೆಂಬರ್‌ನಲ್ಲಿ ಬಾರ್ಟೋಕ್ ಮಕ್ಕಳಿಗೆ ಒಂದು ಕಾಗದ ಬರೆದರು. ಗಂಡ ಹೆಂಡತಿ ಎಲ್ಲಿಗೋ ಹೋಗಲು ನೆಲದಡಿಯ ರೈಲು ಹತ್ತಿದ್ದರಂತೆ. 3 ಗಂಟೆ ಅತ್ತಿಂದಿತ್ತ ಸುತ್ತಿ, ಹೋಗಬೇಕಾದ ಜಾಗ ಸಿಗದೆ, ನಾಚಿಕೊಂಡು ಮನೆಗೆ ವಾಪಸ್. ಅದೂ ಪೂರ್ತಿ ನೆಲದಡಿಯಲ್ಲೇ!

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಧ್ವನಿಮುದ್ರಿಸಿದ್ದ ಸೆರ್ಬೊ-ಕ್ರೊಯೇಷಿಯನ್ ಹಾಡುಗಳನ್ನು ಕೇಳಿ ಸ್ವರಲಿಪಿಗೆ ಇಳಿಸುವ ಕೆಲಸ. ಮನಸ್ಸಿಗೆ ಹಿಡಿಸಿತ್ತು, ಆದರೆ ತಾತ್ಕಾಲಿಕ. ಡಿಟ್ಟಾ ಕೂಡ ಪಿಯಾನೋ ಕಲಾವಿದೆ. ಇಬ್ಬರೂ ಜೊತೆಯಾಗಿ ಎರಡು ಪಿಯಾನೋ ನುಡಿಸುತ್ತಿದ್ದರು. ಕಛೇರಿಗಳು ಮಾತ್ರ ಕಡಿಮೆಯಾಗುತ್ತಾ ಹೋದವು. 1942ರಲ್ಲಿ ಚಿಕ್ಕ ಮಗ ಪೀಟರ್ ಬಂದು ಸೇರಿದ, ಆಮೇಲೆ ಅಮೆರಿಕದ ನೌಕಾಪಡೆಗೆ ಹೋದ.

1943ರಲ್ಲಿ ಬಾರ್ಟೋಕ್ ಆಸ್ಪತ್ರೆ ಸೇರಿದರು. ರಕ್ತದ ಕ್ಯಾನ್ಸರ್. ದುಡಿಮೆ ಇಲ್ಲದೆ ಬರುವ ಹಣ ಅವರು ಮುಟ್ಟುವುದಿಲ್ಲ ಅಂತ ಗೆಳೆಯರಿಗೆ ಗೊತ್ತಿತ್ತು. ಹಾಗಾಗಿ ವಯೊಲಿನ್ ವಾದಕ ಸಿಗೆಟಿ ಮತ್ತು ಆರ್ಕೆಸ್ಟ್ರಾ ನಿರ್ದೇಶಕ ರೈನರ್ ಹಿಂದೆ ನಿಂತು, ಬಾಸ್ಟನ್ ಆರ್ಕೆಸ್ಟ್ರಾದ ನಿರ್ದೇಶಕ ಕುಸೆವಿಟ್ಸ್ಕಿ ಅವರಿಂದ ಹೊಸ ಕೃತಿ ಬರೆಯುವ ಕೆಲಸ ಕೊಡಿಸಿದರು. ಸಂಭಾವನೆ 1,000 ಡಾಲರ್. ಅದೇ ಇವತ್ತು ಲೋಕವೆಲ್ಲ ನುಡಿಸುವ 'ಕನ್ಸರ್ಟೊ ಫಾರ್ ಆರ್ಕೆಸ್ಟ್ರಾ'. ಎಂಥ ಗೆಳೆಯರು, ಅಲ್ವಾ?

'ಬಡತನದಲ್ಲಿ ಸತ್ತ ಮಹಾನ್ ಕಲಾವಿದ' ಅಂತ ಸುಮ್ನೆ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಆ ಮನೆಯಲ್ಲಿ ಇನ್ನೂ ಇಬ್ಬರಿದ್ದರು ಅನ್ನೋದು ಅಲ್ಲಿ ಮರೆತೇ ಹೋಗುತ್ತದೆ. 1945ರ ಬೇಸಿಗೆಯಲ್ಲಿ ಬಾರ್ಟೋಕ್ ಮೂರನೇ ಪಿಯಾನೋ ಕನ್ಸರ್ಟೊ, ಅಂದರೆ ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ಕೃತಿ, ಬರೆಯಲು ಕೂತದ್ದು ಡಿಟ್ಟಾಗೋಸ್ಕರ. ಅಕ್ಟೋಬರ್ 31 ಆಕೆಯ ಹುಟ್ಟುಹಬ್ಬ. ತಾನಿಲ್ಲದ ಮೇಲೂ ಅದನ್ನು ನುಡಿಸಿ ಆಕೆ ನಾಲ್ಕು ಕಾಸು ಸಂಪಾದಿಸಲಿ ಅನ್ನೋ ಯೋಚನೆ. ಪಕ್ಕದಲ್ಲಿ ಪೀಟರ್ ಸ್ವರಹಾಳೆಗೆ ಗೆರೆ ಎಳೆದುಕೊಡುತ್ತಿದ್ದ. ಸೆಪ್ಟೆಂಬರ್ 26ಕ್ಕೆ ಬಾರ್ಟೋಕ್ ಹೋಗಿಬಿಟ್ಟರು. ಕೊನೆಯ 17 ಬಾರ್‌ಗಳಿಗೆ (ಸ್ವರಲಿಪಿಯ ಚಿಕ್ಕ ಭಾಗಗಳಿಗೆ) ಆರ್ಕೆಸ್ಟ್ರಾ ಭಾಗ ತುಂಬುವುದು ಬಾಕಿ ಇತ್ತು. ಗೆಳೆಯ ಟಿಬೋರ್ ಶೆರ್ಲಿ ಅದನ್ನು ಮುಗಿಸಿದರು.

1946ರಲ್ಲಿ ಅದನ್ನು ಮೊದಲು ನುಡಿಸಿದ್ದು ಡಿಟ್ಟಾ ಅಲ್ಲ, ಬಾರ್ಟೋಕ್ ಶಿಷ್ಯ ಶಾಂಡೋರ್. ಡಿಟ್ಟಾ ಅದೇ ವರ್ಷ ಬುಡಾಪೆಸ್ಟ್‌ಗೆ ಮರಳಿದರು. 1960ರ ದಶಕದಲ್ಲಿ ಅದೇ ಕನ್ಸರ್ಟೊವನ್ನು ತಾವೇ ನುಡಿಸಿ ರೆಕಾರ್ಡ್ ಮಾಡಿದರು.