ರಕ್ತ ಕುಡಿಯೋ ಗಿಡದ ಬಾಯಿ ಅಲ್ಲಾಡ್ಸಿದ್ದು ಯಾರು?

ನಮಸ್ಕಾರ್ರೀ ಎಲ್ಲಾರಿಗೂ, ಕಲಬುರಗಿಯಿಂದ. ‘ಲಿಟಲ್ ಶಾಪ್ ಆಫ್ ಹಾರರ್ಸ್’ ಅನ್ನೋ 1986ರ ಇಂಗ್ಲಿಷ್ ಸಿನಿಮಾದೊಳಗ ರಕ್ತ ಕುಡಿಯೋ ಗಿಡ ಹಾಡ್ತದಲ್ಲ, ಅದು ಕಂಪ್ಯೂಟರ್ ಗ್ರಾಫಿಕ್ಸ್ ಏನಣ್ಣ ಅಂತ ಒಬ್ರು ಕೇಳ್ಯಾರ. ಅಲ್ರೀ! ಪೂರಾ ಗೊಂಬಿ ಅದು.

ಹಿಂದಿನ ಕಥಿ ಓಡಿಸ್ಕೊಂಡು ಹೇಳ್ತೀನಿ. 1960ರಾಗ ರೋಜರ್ ಕಾರ್ಮನ್ ಎರಡು ದಿನದಾಗ ಹೆಚ್ಚೂಕಡಿಮಿ ಶೂಟಿಂಗ್ ಮುಗ್ಸಿದ ಕಾಮಿಡಿ ಸಿನಿಮಾನೇ ಇದ್ರ ಮೂಲ, ಜಾಕ್ ನಿಕಲ್ಸನ್ ಸಣ್ಣ ಪಾತ್ರದಾಗ ಬಂದು ನಕ್ಕೊಂತ ಹಲ್ಲು ಕೀಳಿಸ್ಕೊಂಡು ಹೋಗ್ತಾನ. 1982ರಾಗ ಹೋವರ್ಡ್ ಆಶ್ಮನ್, ಅಲನ್ ಮೆಂಕೆನ್ ಅದನ್ನ ಹಾಡಿನ ನಾಟಕ ಮಾಡಿದ್ರು, ನ್ಯೂಯಾರ್ಕ್‌ನಾಗ 2,209 ಶೋ! ಸ್ಟೇಜ್ ಮ್ಯಾಲೆ ಗಿಡದ ಒಳಗ ಕುಂತು ಬಾಯಿ ಆಡ್ಸಾವ ಒಬ್ಬ, ಮರಿಗಿ ನಿಂತು ಹಾಡಾವ ಇನ್ನೊಬ್ಬ.

ಈಗ ಅಸಲಿ ಮಜಾ ಕೇಳ್ರಿ. 1986ರಾಗ ಫ್ರಾಂಕ್ ಓಝ್ ಆ ನಾಟಕಾನ ಮತ್ತ ಸಿನಿಮಾ ಮಾಡ್ದ, ಗಿಡ ಎಷ್ಟು ದೊಡ್ಡದಂದ್ರ ಶರಣಬಸಪ್ಪನ ತೇರು ಎಳ್ದಂಗ ಮಂದಿ ಕೂಡಬೇಕು, ಸುಮಾರು ಅರವತ್ತು ಮಂದಿ ಬೇಕಾಗ್ತಿದ್ರಂತ. ಅಷ್ಟು ಭಾರದ ತುಟಿ ಫಾಸ್ಟ್ ಹಾಡಿಗಿ ಹೊಂದೂದು ಹ್ಯಾಂಗ? ಸೆಕೆಂಡಿಗೆ 24 ಫ್ರೇಮ್, ಅಂದ್ರ 24 ಫೋಟೋ, ಬದ್ಲಿ 16 ಫ್ರೇಮ್‌ನಾಗ ಶೂಟ್ ಮಾಡಿದ್ರು, ಆಮ್ಯಾಲೆ 24ರಾಗ ಓಡ್ಸಿದ್ರ ತುಟಿ ಪಟಪಟ ಅಂತಾವ. ಆದ್ರ ಮುಂದ ನಿಂತ ಹೀರೋ ರಿಕ್ ಮೊರಾನಿಸ್‌ನ ಗತಿ? ಅವನೂ ಓಡ್ತಾನಲ್ಲ! ಅದಕ್ಕ ಗಿಡದ ಜೋಡಿ ಒಂದೇ ಶಾಟ್‌ನಾಗ ಇದ್ದಾಗೆಲ್ಲ ಪಾಪ ಅವ ಸ್ಲೋ ಮೋಷನ್‌ನಾಗ ಆ್ಯಕ್ಟಿಂಗ್ ಮಾಡಬೇಕು, ಪರದಿ ಮ್ಯಾಲೆ ನಾಕು ಸೆಕೆಂಡ್ ಬರೋ ಸಾಲಿಗೆ ಸೆಟ್‌ನಾಗ ಆರು ಸೆಕೆಂಡ್ ತುಟಿ ಆಡ್ಸಬೇಕು, ಮಾರಿ ಮ್ಯಾಲೆ ಅಂಜಿಕಿ ಬ್ಯಾರೆ ಕಾಣಬೇಕು. ನಮ್ಮ ಎಡಿಟರ್‌ಗೆ ಒಮ್ಮೆ ಹಂಗ ಮಾತಾಡಿ ತೋರ್ಸೋ ಅಂದ್ರ, ಅಣ್ಣ ನಾ ಮೊದ್ಲೇ ಸ್ಲೋ ಅದೀನಿ ಅಂತಾನ!

ಟೈಮ್ ಆಗ್ಲತದ, ಕ್ಲೈಮ್ಯಾಕ್ಸ್ ಹೇಳಿಬಿಡ್ತೀನಿ, ಸ್ಪಾಯ್ಲರ್ ಅದ. ನಾಟಕದಾಗ ಹೀರೋ, ಹೀರೋಯಿನ್ ಇಬ್ರನ್ನೂ ಗಿಡ ನುಂಗ್ತದ. ಸಿನಿಮಾಕ್ಕೂ ಹಂಗೇ ಶೂಟ್ ಮಾಡಿದ್ರು, ಗಿಡಗೋಳು ಊರೇ ಒಡೀತಾವ, ಆದ್ರ ಪ್ರಿವ್ಯೂ ನೋಡಿದ ಮಂದಿ ಸಿಟ್ಟಾದ್ರು, ಕಡಿಗಿ ಇಬ್ರೂ ಬದುಕೋ ಹಂಗ ಬದ್ಲಿ ಮಾಡಿದ್ರು. ಓಝ್ ಹೇಳೂದು ಇಷ್ಟೇ: ನಾಟಕದಾಗ ಸತ್ತವ್ರು ಆಮ್ಯಾಲೆ ಬಂದು ಕೈ ಮುಗೀತಾರ, ಸಿನಿಮಾದಾಗ ಬರಾಂಗಿಲ್ಲ. ಖರೇನ ಅಲ್ಲೇನ್ರಿ? ನಮ್ಮ ಜಾತ್ರಿ ಕಂಪನಿ ನಾಟಕದಾಗೂ ಸತ್ತ ಹೀರೋ ಎದ್ದು ಬಂದಮ್ಯಾಲೇ ಸೀಟಿ ಬೀಳ್ತಾವ. ನನ್ನ ಕೇಳಿದ್ರ ಹಳೇ ಕ್ಲೈಮ್ಯಾಕ್ಸೇ ಭಾರಿ, 2012ರಾಗ ರಿಪೇರಿ ಮಾಡಿ ಬಿಟ್ಟಾರ, ನೋಡ್ರಿ, ಆದ್ರ ಬಾಜೂಕ ಸಣ್ಣ ಹುಡುಗ್ರನ್ನ ಕೂಡ್ಸ್ಕೋಬ್ಯಾಡ್ರಿ.