ಚಿಕ್ಕ 9 ಎಂಎಂ ಕಾರ್ಬೈನ್: ಬ್ಯಾಗಿಗೆ ಹಿಡಿಯೋದಾ, ಭುಜಕ್ಕೆ ಒಗ್ಗೋದಾ?

ನಮಸ್ಕಾರ ಎಲ್ಲರಿಗೂ. ಈ ಟೇಬಲ್ ಮೇಲಿರುವ ಮೂರೂ ಕಾರ್ಬೈನ್‌ಗಳೇ. ಆಕಾರ ರೈಫಲ್‌ನದು, ಒಳಗೆ ಹಾಕುವುದು ಪಿಸ್ತೂಲಿನ 9 ಎಂಎಂ ಗುಂಡು. ಮೂರೂ ಖಾಲಿ ಇವೆ, ಚೇಂಬರ್‌ನಿಂದ ಹಳದಿ ಫ್ಲ್ಯಾಗ್ ಹೊರಗೆ ಕಾಣುತ್ತಿದೆ ನೋಡಿ. ನಾನಿರುವುದು ಟೆಕ್ಸಾಸ್‌ನಲ್ಲಿ. ರೇಂಜ್‌ಗೆ ಹೋಗಿ ಖುಷಿಗೆ ಶೂಟ್ ಮಾಡಲು ಯಾವುದು ತಗೊಳ್ಳೋದು ಅಂತ ಇಲ್ಲಿನ ಕನ್ನಡದ ಗೆಳೆಯರು ಕೇಳುತ್ತಲೇ ಇರುತ್ತಾರೆ.

ಬಂದೂಕಿಗಿಂತ ಮೊದಲು ವೀಸಾ ವಿಷಯ. ಎಚ್-1ಬಿ, ಎಫ್-1 ತರಹದ ವೀಸಾದಲ್ಲಿ ಬಂದವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಇಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ರೇಂಜ್‌ನಲ್ಲಿ ಬಾಡಿಗೆಗೆ ತಗೊಂಡರೂ ಇದೇ ಕಾನೂನು. ಕೆಲವು ವಿನಾಯಿತಿಗಳಿವೆ. ನಮ್ಮಂಥವರಿಗೆ ಕೈಗೆಟುಕುವುದು, ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಇದು ಗೊತ್ತಿಲ್ಲದೆ ವೀಕೆಂಡ್‌ನಲ್ಲಿ ರೇಂಜ್‌ಗೆ ಹೋಗಿ ಫೋಟೋ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಭಯ ಆಗುತ್ತದೆ. ದಯವಿಟ್ಟು ಮೊದಲು ವಕೀಲರನ್ನು ಕೇಳಿ.

ಈಗ ಬಂದೂಕಿಗೆ ಬರೋಣ. ಮೂರರ ಬ್ಯಾರೆಲ್ಲೂ 16 ಇಂಚಿಗಿಂತ ಚೂರೇ ಚೂರು ಉದ್ದ. 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಇದಕ್ಕೆ ಕಾರಣ. ರೈಫಲ್‌ನ ಬ್ಯಾರೆಲ್ 16 ಇಂಚಿಗಿಂತ ಗಿಡ್ಡ ಆದರೆ ಬಂದೂಕು ಕಾನೂನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್‌ನಲ್ಲಿ ಬೇರೆಯೇ ನೋಂದಣಿ ಬೇಕು. ಆದ್ದರಿಂದ ಕಂಪನಿಗಳು ಬ್ಯಾರೆಲ್ ಮುಟ್ಟದೆ, ಮಡಚುವುದರಲ್ಲಿ ತಲೆ ಓಡಿಸಿವೆ. ಕೆಲ್‌ಟೆಕ್ ಸಬ್ 2000 ನಡುವೆಯೇ ಎರಡಾಗಿ ಮಡಚುತ್ತದೆ, ತೂಕ ಸುಮಾರು 4 ಪೌಂಡ್, ಅಂದರೆ ಎರಡು ಕೆಜಿಗಿಂತಲೂ ಕಡಿಮೆ. ಸ್ಮಿತ್ ಆ್ಯಂಡ್ ವೆಸನ್ 2023ರಲ್ಲಿ ತಂದ ಎಫ್‌ಪಿಸಿ ಬಾಗಿಲಿನ ಹಾಗೆ ಪಕ್ಕಕ್ಕೆ ಮಡಚುತ್ತದೆ, ಮೇಲಿನ ರೆಡ್ ಡಾಟ್ (ಗುರಿಗೆ ಕೆಂಪು ಚುಕ್ಕೆ ತೋರಿಸುವ ಸಾಧನ) ತೆಗೆಯಬೇಕಾಗಿಲ್ಲ. ಭುಜಕ್ಕೆ ಊರುವ ಹಿಂಭಾಗ, ಅಂದರೆ ಸ್ಟಾಕ್‌ನಲ್ಲೇ ಎರಡು ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಇಡಲು ಜಾಗ ಇದೆ. ರೂಗರ್ ಪಿಸಿ ಕಾರ್ಬೈನ್ ಮಡಚುವುದಿಲ್ಲ. ಬೋಲ್ಟ್ (ಚೇಂಬರ್‌ನ ಹಿಂಬದಿ ಮುಚ್ಚುವ ಉಕ್ಕಿನ ತುಂಡು) ಹಿಂದಕ್ಕೆ ನಿಲ್ಲಿಸಿ, ಈ ಲಿವರ್ ಒತ್ತಿ, ಮುಂಭಾಗ ತಿರುಗಿಸಿದರೆ ಎರಡು ತುಂಡಾಗಿ ಕೈಗೆ ಬರುತ್ತದೆ. ಆದರೆ 6.8 ಪೌಂಡ್, ಮೂರು ಕೆಜಿ ಮೇಲೆ.

ಅಂಗಡಿಯಲ್ಲಿ ನಿಂತಾಗ ಹಗುರವಾದದ್ದೇ ಚೆನ್ನ ಅನಿಸುತ್ತದೆ, ಅಲ್ವಾ? ರೇಂಜ್‌ನಲ್ಲಿ ಲೆಕ್ಕ ಬದಲಾಗುತ್ತದೆ. ಇವುಗಳಲ್ಲಿ ಬೋಲ್ಟ್‌ಗೆ ಲಾಕ್ ಇಲ್ಲ. ಗುಂಡು ಸಿಡಿದಾಗ ಬೋಲ್ಟ್ ಥಟ್ಟನೆ ಹಿಂದೆ ಬರದಂತೆ ತಡೆಯುವುದು ಅದರ ತೂಕ ಮತ್ತು ಸ್ಪ್ರಿಂಗ್. ಅಷ್ಟು ಭಾರದ ಉಕ್ಕು ಹಿಂದೆ ಮುಂದೆ ಓಡಾಡುವುದರಿಂದ, ಪಿಸ್ತೂಲ್ ಗುಂಡಾದರೂ ಒದೆತ ಅಂದುಕೊಂಡದ್ದಕ್ಕಿಂತ ಜಾಸ್ತಿ.

ಸಬ್ 2000 ಹತ್ತಿರದಿಂದ ನೋಡಿ. ಕೆನ್ನೆ ಊರುವುದು ಈ ಕೊಳವೆ ಮೇಲೆ. ಬೋಲ್ಟ್ ಓಡುವುದೂ ಇದರೊಳಗೇ. ಪ್ರತಿ ಗುಂಡಿಗೂ ಕೆನ್ನೆ ಮೂಳೆಗೆ ಟಕ್ ಅಂತ ತಟ್ಟುತ್ತದೆ. ಸ್ವಲ್ಪ ಹೊತ್ತಿನಲ್ಲೇ ನಿಮಗೆ ಗೊತ್ತಿಲ್ಲದೆ ತಲೆ ಮೇಲೇಳುತ್ತದೆ. ತಲೆ ಎದ್ದರೆ ಡಾಟ್ ಮಾಯ. ರೂಗರ್‌ನಲ್ಲಿ ಬೋಲ್ಟ್ ಒಳಗೆ ಜಾರಾಡುವ ಟಂಗ್‌ಸ್ಟನ್ ತೂಕ ಇಟ್ಟಿದ್ದಾರೆ, ಬೋಲ್ಟ್ ಹಿಂದೆ ಬಂದು ಬಡಿಯುವ ರಭಸ ಅದರಿಂದ ಕಡಿಮೆ ಆಗುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಬೆಳೆದ ಕೊಡಗಿನ ಗೆಳೆಯನೊಬ್ಬ ಮೂರನ್ನೂ ಭುಜಕ್ಕೆ ಏರಿಸಿ ನೋಡಿ, "ಇದೇ ಕಣೋ, ಮನೆ ತೋಕ್ ಕೂತ ಹಾಗೆ ಕೂರುತ್ತೆ" ಅಂದ. ತೋಕ್ ಅಂದರೆ ಕೊಡವರ ಮಾತಲ್ಲಿ ಕೋವಿ. ಅವನ ಕೈಯಲ್ಲಿದ್ದದ್ದು ರೂಗರ್. ನನ್ನ ಆಯ್ಕೆಯೂ ಅದೇ. ಗ್ಲಾಕ್ ಪಿಸ್ತೂಲ್ ಇದ್ದವರಿಗೆ ಇನ್ನೊಂದು ಲಾಭ: ಮ್ಯಾಗಜೀನ್ ಕೂರುವ ಗೂಡು, ಅಂದರೆ ಮ್ಯಾಗ್‌ವೆಲ್ ಬದಲಿಸಿದರೆ ಅದೇ ಮ್ಯಾಗಜೀನ್ ಇದಕ್ಕೂ ಆಗುತ್ತದೆ. ಮನೆಯಲ್ಲಿ ಜಾಗ ತೀರಾ ಕಡಿಮೆ ಇದ್ದರೆ ಎಫ್‌ಪಿಸಿ ತಗೊಳ್ಳಿ, ಬೇಡ ಅನ್ನುವುದಿಲ್ಲ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಡೆಯವರು ಮಾತ್ರ ನಿಮ್ಮ ರಾಜ್ಯದ ನಿಯಮ ನೋಡಿಯೇ ಅಂಗಡಿಗೆ ಹೋಗಿ. ಮ್ಯಾಗಜೀನ್‌ಗೆ 10 ಗುಂಡಿನ ಮಿತಿ ಇದೆ, ಮಡಚುವ ಮಾಡೆಲ್‌ಗಳಿಗೆ ಬೇರೆ ತಕರಾರೂ ಇವೆ.

ಗುಂಡು 115 ಗ್ರೇನ್‌ನದೇ ಸಾಕು (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ). ರೈಫಲ್ ಗುಂಡು ಬೇಡ ಅನ್ನುವ ಒಳಾಂಗಣ ರೇಂಜ್‌ಗಳೂ 9 ಎಂಎಂ ಬಿಡುತ್ತವೆ. ಆದರೆ ಕಿವಿಗೆ ಇಯರ್ ಮಫ್, ಕಣ್ಣಿಗೆ ಕನ್ನಡಕ ಇಲ್ಲದೆ ಒಳಗೆ ಕಾಲಿಡಬೇಡಿ.

ಮೊದಲ ದಿನ 25 ಗಜದಲ್ಲಿ ಡಾಟ್ ಸರಿ ಮಾಡಿಕೊಳ್ಳಿ. ಆಮೇಲೆ ಕಾಗದದ ಟಾರ್ಗೆಟ್ 7 ಗಜಕ್ಕೆ ತಂದು ಹೊಡೆಯಿರಿ. ಗುಂಡು ಒಂದು, ಒಂದೂವರೆ ಇಂಚು ಕೆಳಗೆ ಬಿದ್ದಿರುತ್ತದೆ. ಡಾಟ್ ಬ್ಯಾರೆಲ್‌ಗಿಂತ ಮೇಲೆ ಕೂತಿದೆಯಲ್ಲ, ಅದಕ್ಕೇ ಹೀಗೆ. ಇದನ್ನು ಸರಿಮಾಡಲು ಡಾಟ್‌ನ ಸ್ಕ್ರೂ ತಿರುಗಿಸಲು ಹೋಗಬೇಡಿ. ಹತ್ತಿರದ ಟಾರ್ಗೆಟ್‌ಗೆ ಅಷ್ಟು ಮೇಲಕ್ಕೆ ಗುರಿ ಇಡಿ.